ವೈಜ್ಞಾನಿಕ ಕಥನ, ಕನ್ನಡದಲ್ಲಿ
ವಿಜ್ಞಾನದ ಊಹೆಯೇ ಬೆನ್ನೆಲುಬಾಗಿರುವ ಕಥೆ, ಕಾದಂಬರಿ, ಚಲನಚಿತ್ರಗಳ ಪ್ರಕಾರ. ಕನ್ನಡದಲ್ಲಿ ಇದನ್ನು ಪಟ್ಟು ಹಿಡಿದು ಬೆಳೆಸಿದವರಲ್ಲಿ ರಾಜಶೇಖರ ಭೂಸನೂರಮಠ ಮುಖ್ಯರು. ‘ಆಪರೇಶನ್ ಯುಎಫ್‌ಓ’, ‘ಮನ್ವಂತರ’ ಅವರ ಕೃತಿಗಳು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಈ ಸಾಲಿಗೆ ಸೇರುತ್ತದೆಯೇ ಎಂಬುದು ಚರ್ಚಾಸ್ಪದ. ಅದರಲ್ಲಿ ಅನ್ಯಗ್ರಹವಿಲ್ಲ, ಅದ್ಭುತ ಯಂತ್ರವಿಲ್ಲ. ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ನಿರೂಪಕ ಮೊದಲಾದವರು ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾರೆ. ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಆದರೂ ಜೀವವಿಕಾಸದ ಬೆರಗನ್ನು ಇಷ್ಟು ಸಲೀಸಾಗಿ ದಾಟಿಸಿದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ. ಚಿತ್ರರಂಗದಲ್ಲಿ, ಉಪೇಂದ್ರ ಬರೆದು ನಟಿಸಿದ, ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ (2002) ಪ್ರೇಮಿಸುವ ರೋಬೋವನ್ನು ತೆರೆಗೆ ತಂದಿತು. ಇಂಥದೇ ಪ್ರೇಮಿಸುವ ರೋಬೋ ಇರುವ ತಮಿಳಿನ ‘ಎಂದಿರನ್’ ಚಿತ್ರ ಬಂದದ್ದು ಆಮೇಲೆ, 2010ರಲ್ಲಿ.