ಆರು ಗುಂಡು, ಒಂದು ರಬ್ಬರ್ ಬೂಟು

ಫೋಟೋ 1

ಚಕ್ರದ ರಿಮ್ ಒಳಗಡೆ ಕಪ್ಪಗೆ ಸಿಡಿದಿರೋ ಜಿಡ್ಡು ಕಾಣ್ತಿದೆಯಲ್ಲ? ಇದನ್ನ ನಾನು ದಸರಾ ರಜೆಯಲ್ಲೇ ನೋಡಿದ್ದೆ. ಏನೋ ಗ್ರೀಸು ಅಂತ ಹಳೇ ಬನಿಯನ್‌ನಲ್ಲಿ ಒರೆಸಿ ಹಾಸ್ಟೆಲ್‌ಗೆ ಹೊರಟುಬಿಟ್ಟೆ. ಸಂಕ್ರಾಂತಿಗೆ ಹಾಸನಕ್ಕೆ ಬರೋ ಹೊತ್ತಿಗೆ, ಗೇಟಿನ ಹತ್ರ ಕಾರು ತಿರುಗಿಸಿದ್ರೆ ಸಾಕು, ಬಲಗಡೆಯಿಂದ ಟಕ್ ಟಕ್ ಟಕ್. ಗ್ಯಾರೇಜಿನಲ್ಲಿ "ಎರಡೂ ಆಕ್ಸಲ್ ಹೋಗಿದೆ, ಪೂರ್ತಿ ಬದಲಾಯಿಸ್ಬೇಕು" ಅಂದ್ರಂತೆ. ಅವರು ಹೇಳಿದ ಮೊತ್ತ ಕೇಳಿ ಅಪ್ಪ, "ಈ ಕಾರು ಯಾರಿಗಾದ್ರೂ ಕೊಟ್ಟುಬಿಡೋಣ ಬಿಡು" ಅಂದ್ರು. ನಾನು ಎರಡನೇ ಕ್ಲಾಸಿನಿಂದ ಓಡಾಡಿರೋ ಕಾರು ಅದು. ಒಂದು ಭಾನುವಾರ ಟೈಮ್ ಕೊಡಿ ಅಂತ ಕೇಳ್ಕೊಂಡೆ.

ಸ್ವೈಪ್ ಮಾಡ್ತಾ ಬನ್ನಿ. ರಿಪೇರಿ ಕೊನೇಲಿ ಬರುತ್ತೆ. ಮಧ್ಯದಲ್ಲಿರೋದು ಮುನ್ನೂರೈವತ್ತು ವರ್ಷದ ಚರಿತ್ರೆ. ಅದು ಗೊತ್ತಿಲ್ಲದಿದ್ರೆ ಆ ಹರಿದ ರಬ್ಬರ್ ತುಂಡು ಯಾಕೆ ಮುಖ್ಯ ಅಂತ ನಿಮಗೂ ಅನ್ನಿಸಲ್ಲ. ನನಗಂತೂ ಅನ್ನಿಸಿರಲಿಲ್ಲ.

ಫೋಟೋ 2

ಇವತ್ತಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಎಂಜಿನ್ ಎಳೆಯೋದು ಮುಂದಿನ ಚಕ್ರಗಳನ್ನ. ಗೇರ್‌ಬಾಕ್ಸ್‌ನಿಂದ ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ಕಂಬಿ ಹೋಗುತ್ತೆ. ಪುಸ್ತಕದಲ್ಲಿ ಡ್ರೈವ್ ಶಾಫ್ಟ್, ನಮ್ಮ ಗ್ಯಾರೇಜುಗಳಲ್ಲಿ ಆಕ್ಸಲ್. ಅದೇ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗಬೇಕು, ಗುಂಡಿ ಬಂದ್ರೆ ಮೇಲೆ ಕೆಳಗೆ ಕುಣೀಬೇಕು, ಅಷ್ಟೆಲ್ಲ ಮಾಡ್ತಾ ಉರುಳಬೇಕು. ನೆಟ್ಟಗಿರೋ ಕಂಬಿಯಿಂದ ಅದು ಆಗಲ್ಲ, ಅದಕ್ಕೆ ಚಕ್ರದ ಹತ್ರ ಒಂದು ಮೊಣಕೈ ಬೇಕು. ಆ ಮೊಣಕೈಯೇ ಸಿವಿ ಜಾಯಿಂಟ್. ಅದರ ಮೇಲೆ ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆಯಾಗಿ ಕೂತಿರೋ ರಬ್ಬರ್ ಚೀಲವೇ ಬೂಟು. (ಸಾಮಾನು ಇಡೋ ಜಾಗಕ್ಕೆ ಬ್ರಿಟನ್ನಿನವರು ಬೂಟ್ ಅಂತಾರೆ. ನಾವು ಡಿಕ್ಕಿ ಅನ್ನೋದ್ರಿಂದ ಗೊಂದಲ ಇಲ್ಲ, ಪುಣ್ಯಕ್ಕೆ.)

ಫೋಟೋ 3

ಈ ಫೋಟೋ ಕಾರಿಂದಲ್ಲ, ಚಿಕ್ಕಪ್ಪನ ಲಾರಿಯದ್ದು. ಅಡಿಯಲ್ಲಿ ಉದ್ದಕ್ಕೆ ಹೋಗಿರೋ ಶಾಫ್ಟ್ ನೋಡಿ, ಅದರ ತುದಿಯಲ್ಲಿ ಕೂಡಿಸೋ ಗುರುತಿನ ಆಕಾರದ ಕೀಲು ಇದೆ. ಗ್ಯಾರೇಜಿನವರ ಬಾಯಲ್ಲಿ ಯುಜೆ ಕ್ರಾಸ್. ಕತೆ ಶುರುವಾಗೋದು ಈ ಕೀಲಿನಿಂದ.

ಇಟಲಿಯ ಕಾರ್ಡಾನೋ ಹೆಸರಲ್ಲೂ ಇದನ್ನ ಕರೀತಾರೆ, ಇಂಗ್ಲೆಂಡಿನ ರಾಬರ್ಟ್ ಹುಕ್ ಹೆಸರಲ್ಲೂ ಕರೀತಾರೆ. ಹೌದು, ಪಿಯುಸಿಯಲ್ಲಿ ಸ್ಪ್ರಿಂಗ್ ಎಳೆದೂ ಎಳೆದೂ ಸಾಕಾಗಿದ್ದ ಅದೇ ಹುಕ್. 1676ರಲ್ಲಿ ಸೂರ್ಯನನ್ನ ನೋಡೋ ಉಪಕರಣಗಳ ಬಗ್ಗೆ ಅವನು ಒಂದು ಪುಸ್ತಕ ಬರೆದ. ಈ ಕೀಲಿನ ವಿವರ ಅದರಲ್ಲಿದೆ.

ಈ ಕೀಲಿಗೆ ಒಂದು ಚಾಳಿ ಇದೆ. ನೆಟ್ಟಗಿದ್ದಾಗ ಸರಿಯಾಗೇ ತಿರುಗುತ್ತೆ. ಬಾಗಿಸಿದ್ರೆ ಮಾತ್ರ, ಒಂದು ಕಡೆಯಿಂದ ಎಷ್ಟೇ ಸಮನಾಗಿ ತಿರುಗಿಸಿದ್ರೂ ಇನ್ನೊಂದು ಕಡೆ ಓಡುತ್ತೆ, ತಡವರಿಸುತ್ತೆ, ಮತ್ತೆ ಓಡುತ್ತೆ. ಒಂದು ಸುತ್ತಿಗೆ ಎರಡು ಸಲ. 30 ಡಿಗ್ರಿ ಬಾಗಿಸಿ ಲೆಕ್ಕ ಹಾಕಿ ನೋಡಿ: ಒಳಗೆ ಹೋಗೋ ವೇಗ 100 ಇದ್ರೆ ಹೊರಗೆ ಬರೋದು ಸುಮಾರು 87ರಿಂದ 115ರವರೆಗೆ ಓಲಾಡುತ್ತೆ.

ಹುಕ್‌ಗೆ ಇದು ದೋಷ ಅನ್ನಿಸಲೇ ಇಲ್ಲ. ನೆರಳು ಗಡಿಯಾರ ನೆನಪಿಸ್ಕೊಳ್ಳಿ. ಸೂರ್ಯ ಆಕಾಶದಲ್ಲಿ ಹೆಚ್ಚುಕಮ್ಮಿ ಸಮನಾಗಿ ಸಾಗ್ತಾನೆ, ಆದ್ರೆ ಸಮತಟ್ಟು ಹಲಗೆ ಮೇಲೆ ಬೀಳೋ ನೆರಳು ಒಂದೊಂದು ಗಂಟೆಗೆ ಒಂದೊಂದು ಅಳತೆ ಸರಿಯುತ್ತೆ. ಬಾಗಿದ ಕೀಲು ಮಾಡೋದೂ ಅದನ್ನೇ. ಹಾಗಾಗಿ ನೆರಳಿನ ಗೆರೆಗಳನ್ನ ಗುರುತು ಮಾಡೋಕೆ ಈ ಕೀಲು ಬಳಸಬಹುದು ಅಂತ ಅವನಿಗೆ ಹೊಳೀತು. ನೆರಳಿಗೆ ಒಪ್ಪಿದ ಈ ಗುಣವೇ ಎರಡೂವರೆ ಶತಮಾನ ಆದ್ಮೇಲೆ ಚಕ್ರಕ್ಕೆ ತಲೆನೋವಾಯ್ತು.

ಲಾರಿಯಲ್ಲಿ, ಅಂಬಾಸಿಡರ್‌ನಲ್ಲಿ ಈ ಕೀಲು ಬಾಗೋದು ಕೆಲವೇ ಡಿಗ್ರಿ, ಅದಕ್ಕೆ ನಮಗೆ ಗೊತ್ತಾಗಲ್ಲ. ಮುಂದಿನ ಚಕ್ರಕ್ಕೆ ಹಾಕಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ರೆ ಆ ಓಲಾಟ ನೇರ ಕೈಗೇ ಬಂದು ಹೊಡೆಯುತ್ತೆ.

ಫೋಟೋ 4

ಪೇಪರ್ ಮೇಲೆ ಬಿಡಿಸಿಟ್ಟಿರೋದು ನಮ್ಮ ಕಾರಿನ ಹಳೇ ಜಾಯಿಂಟು. ಎಣಿಸಿ: ಆರು ಉಕ್ಕಿನ ಗುಂಡು.

1920ರ ದಶಕದಲ್ಲಿ ಸಮವೇಗದ ಕೀಲು ಮಾಡೋಕೆ ಹಲವರು ಬೆನ್ನು ಬಿದ್ದಿದ್ರು. ಫ್ರಾನ್ಸಿನಲ್ಲಿ ಪಿಯರ್ ಫೆನಾಯ್ ಮತ್ತು ಜಾನ್ ಆಲ್ಬೇರ್ ಗ್ರೆಗ್ವಾರ್ ಸೇರಿ ಟ್ರಾಕ್ಟಾ ಅನ್ನೋ ಕೀಲು ಮಾಡಿ, ಅದನ್ನ ಹಾಕಿದ ಮುಂಚಕ್ರ ಎಳೆತದ ಕಾರನ್ನ 1927ರಲ್ಲಿ ಲ ಮಾನ್ ರೇಸಿನಲ್ಲೇ ಓಡಿಸಿದ್ರು. ಅದೇ ಕಾಲಕ್ಕೆ ಆಲ್ಫ್ರೆಡ್ ರ್ಜೆಪ್ಪಾ ಅನ್ನೋ ಎಂಜಿನಿಯರ್ ಆರು ಗುಂಡಿನ ಕೀಲಿಗೆ ಪೇಟೆಂಟ್ ಮಾಡಿಸ್ದ. ಹೆಸರು ಬೇಗ ಬೇಗ ಹೇಳಿದ್ರೆ ನಮ್ಮೂರ ರಾಜಪ್ಪನೇ. ನಮ್ಮ ಲ್ಯಾಬಿನಲ್ಲಿ ಈಗ ಅದು ರಾಜಪ್ಪ ಜಾಯಿಂಟೇ ಆಗಿಹೋಗಿದೆ, ಎಕ್ಸಾಮಲ್ಲಿ ಯಾರೂ ಹಾಗೆ ಬರೀಬೇಡಿ.

ಅವನ ಉಪಾಯ ಅರ್ಥ ಆಗ್ಬೇಕಂದ್ರೆ ಕನ್ನಡಿ ನೆನಪಿಸ್ಕೊಳ್ಳಿ. ಶಾಫ್ಟಿನ ತುದಿಯ ಒಳಬಟ್ಟಲು ಒಂದು, ಚಕ್ರದ ಕಡೆಯ ಹೊರಬಟ್ಟಲು ಇನ್ನೊಂದು. ಎರಡರಲ್ಲೂ ಆರಾರು ಗಾಡಿ, ಆ ಗಾಡಿಗಳ ನಡುವೆ ಗುಂಡುಗಳು, ಗುಂಡುಗಳನ್ನ ಹಿಡಿದಿರೋ ಒಂದು ಪಂಜರ. ಕೀಲು ಎಷ್ಟೇ ಬಾಗಲಿ, ಆರೂ ಗುಂಡು ಆ ಕೋನವನ್ನ ಸರಿಯಾಗಿ ಅರ್ಧ ಮಾಡೋ ಸಮತಲದಲ್ಲೇ ಬಂದು ಕೂರ್ತವೆ. ಅಂದ್ರೆ ಗುಂಡಿನ ಜಾಗದಲ್ಲಿ ನಿಂತು ನೋಡಿದ್ರೆ ಎರಡೂ ಕಡೆ ಒಂದೇ ಥರ, ಒಂದು ಇನ್ನೊಂದರ ಪ್ರತಿಬಿಂಬ. ಹಾಗಿದ್ಮೇಲೆ ಒಂದು ಕಡೆ ಮುಂದೋಡೋಕೆ, ಇನ್ನೊಂದು ಹಿಂದುಳಿಯೋಕೆ ಕಾರಣವೇ ಇಲ್ಲ. 100 ಹೋದ್ರೆ 100 ಬರುತ್ತೆ. ಕೈಯಲ್ಲಿ ಹಿಡ್ಕೊಂಡು ಬಾಗಿಸಿ ತಿರುಗಿಸಿ ನೋಡಿದಾಗ್ಲೇ ನನಗೆ ಇದು ತಲೆಗೆ ಹೋಗಿದ್ದು. ಬೋರ್ಡಿನ ಮೇಲೆ ಎರಡು ಸಲ ಕೇಳಿದ್ದೆ, ಎರಡು ಸಲವೂ ನಿದ್ದೆ.

ಫೋಟೋ 5

ಇದು ಸಕಲೇಶಪುರದ ಹತ್ರ ಕಾಫಿ ತೋಟದ ಹಳೇ ಫೋರ್ ವೀಲ್ ಜೀಪು. ಮುಂದಿನ ಚಕ್ರದ ಹಿಂದೆ ಉಕ್ಕಿನ ಚೆಂಡಿನಂಥದ್ದು ಕಾಣ್ತಿದೆಯಾ?

ಎರಡನೇ ಮಹಾಯುದ್ಧದ ಜೀಪುಗಳಿಗೆ ನಾಲ್ಕೂ ಚಕ್ರ ಎಳೀಬೇಕಿತ್ತು, ಮುಂದಿನವು ತಿರುಗಲೂಬೇಕಿತ್ತು. ಟ್ರಾಕ್ಟಾ, ರ್ಜೆಪ್ಪಾ, ಬೆಂಡಿಕ್ಸ್, ಸಿಕ್ಕ ಸಮವೇಗದ ಕೀಲನ್ನೆಲ್ಲ ಹಾಕಿದ್ರು. ಕೆಸರು, ಮರಳು, ನದಿ ಎಲ್ಲ ದಾಟಬೇಕಾದ ಗಾಡಿ. ಹಾಗಾಗಿ ಕೀಲನ್ನ ಉಕ್ಕಿನ ಗೋಳದೊಳಗೆ ಮುಚ್ಚಿ, ಅಂಚಿಗೆ ಸೀಲು ಕೊಟ್ರು. ಗಟ್ಟಿ ಏನೋ ಹೌದು, ಆದ್ರೆ ತೂಕ ಜಾಸ್ತಿ, ಖರ್ಚು ಜಾಸ್ತಿ. ಮನೆಮಂದಿ ಓಡಾಡೋ ಅಗ್ಗದ ಕಾರಿಗೆ ಇದನ್ನ ಹಾಕೋಕಾಗಲ್ಲ.

ಈ ಕತೆಯಲ್ಲಿ ನನಗೆ ಹೊಳೆದ ವಿಷಯ ಇದೇ. ಸಮವೇಗದ ಕೀಲು ಕಂಡುಹಿಡಿದಿದ್ದು ಅರ್ಧ ಕೆಲಸ. ಗುಂಡುಗಳ ಗಾಡಿಗೆ ಒಂದು ಚಿಟಿಕೆ ಮರಳು ಹೋದ್ರೂ ಅರಗಲ್ಲಿಂದ ಉಜ್ಜಿದ ಹಾಗೆ ಸವೀತದೆ. ಗ್ರೀಸನ್ನ ಒಳಗಿಟ್ಟು, ಧೂಳನ್ನ ಹೊರಗಿಟ್ಟು, ಜೊತೆಗೇ ಬಾಗ್ತಾ ಬಳುಕ್ತಾ ಚಕ್ರದಷ್ಟೇ ಜೋರಾಗಿ ತಿರುಗೋ ಮುಚ್ಚಳ ಬೇಕು. ಅದೂ ಅಗ್ಗಕ್ಕೆ.

ಮಾಮೂಲಿ ರಬ್ಬರ್ ಸಾಕಾಗಲ್ವಾ ಅಂತ ಕೇಳಬಹುದು. ಮರದ ಹಾಲಿನಿಂದ ಬರೋ ರಬ್ಬರನ್ನ ಎಣ್ಣೆಯಲ್ಲಿ ನೆನೆಹಾಕಿ ನೋಡಿ, ಉಬ್ಬಿ ಮೆತ್ತಗಾಗುತ್ತೆ. 1930ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ, ವಾಲೇಸ್ ಕ್ಯಾರೋದರ್ಸ್ ತಂಡದ ಆರ್ನಾಲ್ಡ್ ಕಾಲಿನ್ಸ್ ಕೈಯಲ್ಲಿ ಒಂದು ಕೃತಕ ರಬ್ಬರ್ ತಯಾರಾಯ್ತು. ಆಮೇಲೆ ಅದಕ್ಕೆ ನಿಯೋಪ್ರೀನ್ ಅಂತ ಹೆಸರು ಬಂತು. ಎಣ್ಣೆಗೂ ಬಿಸಿಗೂ ಗಾಳಿಗೂ ಸಹಜ ರಬ್ಬರಿಗಿಂತ ಎಷ್ಟೋ ಚೆನ್ನಾಗಿ ತಡೀತಿತ್ತು. ಜಾಯಿಂಟಿನ ಬೂಟಿಗೆ ಒಗ್ಗಿದ್ದು ಇಂಥ ರಬ್ಬರೇ. ರ್ಜೆಪ್ಪಾ ಹೆಸರು ಟೆಕ್ಸ್ಟ್‌ಬುಕ್ಕಿನಲ್ಲಿದೆ, ಕಾಲಿನ್ಸ್ ಹೆಸರು ನಾನು ಹುಡುಕ್ಕೊಂಡು ಹೋಗೋವರೆಗೂ ಕೇಳಿರಲಿಲ್ಲ.

ಫೋಟೋ 6

1956ರಲ್ಲಿ ಸೂಯೆಜ್ ಕಾಲುವೆ ಗಲಾಟೆ, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್. ಕಮ್ಮಿ ಕುಡಿಯೋ ಪುಟ್ಟ ಕಾರು ಬೇಕು ಅಂತ ಬಿಎಂಸಿ ಕಂಪನಿ ಅಲೆಕ್ ಇಸಿಗೋನಿಸ್‌ಗೆ ಹೇಳ್ತು. ಅವನು ಎಂಜಿನ್ ಅಡ್ಡ ತಿರುಗಿಸಿ, ಅದರ ಅಡಿಯಲ್ಲೇ ಗೇರ್‌ಬಾಕ್ಸ್ ಇಟ್ಟು, ಮುಂದಿನ ಚಕ್ರಕ್ಕೇ ಎಳೆತ ಕೊಟ್ಟ. ಹಿಂದಕ್ಕೆ ಹೋಗೋ ಉದ್ದ ಶಾಫ್ಟೇ ಇಲ್ಲ, ಹಾಗಾಗಿ ಕೂರೋಕೆ ಜಾಗ. 1959ರ ಆಗಸ್ಟ್‌ನಲ್ಲಿ ಬಂದ ಆ ಮಿನಿ ಕಾರಿನ ಉದ್ದ ಸುಮಾರು 10 ಅಡಿ, ಚಕ್ರ 10 ಇಂಚು, ಒಳಗೆ ನಾಲ್ಕು ಜನ. ಅದರ ಚಕ್ರದ ಹತ್ರ ಇದ್ದಿದ್ದು ರ್ಜೆಪ್ಪಾ ಮಾದರಿಯ ಜಾಯಿಂಟು, ಮೇಲೆ ರಬ್ಬರ್ ಬೂಟು. ಆಮೇಲೆ ಲೋಕದ ಸಣ್ಣ ಕಾರುಗಳೆಲ್ಲ ಹೆಚ್ಚುಕಮ್ಮಿ ಅದೇ ದಾರಿ ಹಿಡಿದ್ವು.

ನಮ್ಮ ದೇಶದ ಮನೆಗಳಿಗೆ ಈ ಬೂಟು ದೊಡ್ಡ ಲೆಕ್ಕದಲ್ಲಿ ಬಂದಿದ್ದು ಮಾರುತಿ 800 ಜೊತೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಕೈ ಕೊಟ್ರು. ಅಲ್ಲಿವರೆಗೆ ಅಂಬಾಸಿಡರ್, ಪದ್ಮಿನಿ, ಎರಡೂ ಹಿಂದಿನ ಚಕ್ರದ ಎಳೆತ. ಅಷ್ಟೇ ಯಾಕೆ, ಅದೇ ಕಾಲದಲ್ಲಿ ಬೆಂಗಳೂರಿನಲ್ಲೇ ತಯಾರಾಗ್ತಿದ್ದ ಫೈಬರ್ ಬಾಡಿಯ ಪುಟ್ಟ ಕಾರು ಸಿಪಾನಿ ಡಾಲ್ಫಿನ್ ಕೂಡ ಹಿಂಚಕ್ರದ್ದೇ. ಯುಜೆ ಕ್ರಾಸ್ ಬಡಿದು ಬಡಿದು ಕಲಿತಿದ್ದ ಕೈಗಳು ಇದ್ದಕ್ಕಿದ್ದ ಹಾಗೆ ಬೂಟು, ಕ್ಲಿಪ್ಪು, ಕಪ್ಪು ಗ್ರೀಸು ಕಲೀಬೇಕಾಯ್ತು. ಕರೆಂಟ್ ಕಾರು ಬಂದ್ರೆ ಈ ತಾಪತ್ರಯ ಇರಲ್ಲ ಅನ್ಕೊಂಡಿದ್ರೆ, ಸಾರಿ. ಮುಂದಿನ ಚಕ್ರ ಎಳೆಯೋ ಎಲೆಕ್ಟ್ರಿಕ್ ಕಾರಿನ ಅಡಿಗೂ ಇಣುಕಿ, ಅದೇ ಮಡಿಕೆ ಚೀಲ ಕಾಣುತ್ತೆ.

ಫೋಟೋ 7

ಈಗ ನಮ್ಮ ಅಂಗಳ. ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಕಾರು ನೆಲದ ಮೇಲಿದ್ದಾಗ್ಲೇ, ಬ್ರೇಕ್ ಒತ್ತಿ ಹಿಡಿದು, ಹಬ್ಬಿನ ದೊಡ್ಡ ನಟ್ ಸಡಿಲ ಮಾಡ್ಬೇಕು. ಎತ್ತಿದ ಮೇಲೆ ಅದಕ್ಕೆ ಜೋರು ಹಾಕಿದ್ರೆ ಕಾರೇ ಉರುಳೀತು. ಚಿಕ್ಕಪ್ಪ ಪಾನಕ್ಕೆ ಒಂದು ಪೈಪ್ ಸಿಕ್ಕಿಸಿ ಮೇಲೆ ನಿಂತ್ರು. ಆಮೇಲೆ ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ವಿ. ಇದೊಂದನ್ನ ಕೈ ಮುಗಿದು ಕೇಳ್ತೀನಿ: ಜಾಕ್ ಇರೋದು ಎತ್ತೋಕೆ, ಹಿಡ್ಕೊಳ್ಳೋಕಲ್ಲ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಲೇಬೇಡಿ. ಸ್ಟ್ಯಾಂಡ್ ಇಲ್ಲದಿದ್ರೆ ಆ ದಿನ ಕೆಲಸವೇ ಬೇಡ.

ಚಕ್ರ ತೆಗೆದು, ಕೆಳಗಿನ ಆರ್ಮ್‌ನ ಬಾಲ್ ಜಾಯಿಂಟ್ ಬಿಡಿಸಿ, ಹಬ್ ಹೊರಗೆ ಎಳೆದ್ರೆ ಶಾಫ್ಟಿನ ತುದಿ ಈಚೆ ಬರುತ್ತೆ. ಗೇರ್‌ಬಾಕ್ಸ್ ಕಡೆಯದ್ದನ್ನ ಎಳೀಬೇಡಿ, ಅಲ್ಲಿಂದ ಆಯಿಲ್ ಸುರಿಯುತ್ತೆ. ಹಳೇ ಬೂಟು ಕುಯ್ದು ಬಿಸಾಕಿ, ಜಾಯಿಂಟಿನ ಒಳಬಟ್ಟಲಿಗೆ ಹಿತ್ತಾಳೆ ತುಂಡು ಇಟ್ಟು ಹೊಡೆದ್ರೆ, ಒಳಗಿನ ಸರ್ಕ್ಲಿಪ್ ಬಿಟ್ಟುಕೊಟ್ಟು ಇಡೀ ಕೀಲು ಜಾರಿ ಬಂತು. ಎಡಗಡೆಯದ್ದು ಮೊದಲು. ಬೂಟು ಈಗ ತಾನೇ ಬಿರುಕು ಬಿಡ್ತಿತ್ತು. ಡೀಸೆಲ್‌ನಲ್ಲಿ ತೊಳೆದು, ಒರೆಸಿ, ಗುಂಡು ಓಡೋ ಗಾಡಿಗಳ ಮೇಲೆ ಉಗುರು ಎಳೆದು ನೋಡಿದೆ. ಎಲ್ಲೂ ತಡೀಲಿಲ್ಲ. ಗ್ಯಾರೇಜಿನಲ್ಲಿ "ಹೋಗಿದೆ" ಅಂದಿದ್ದ ಎರಡರಲ್ಲಿ ಒಂದು ಗಟ್ಟಿಯಾಗಿತ್ತು.

ಕಿಟ್‌ನಲ್ಲಿ ಬಂದ ಕಪ್ಪು ಗ್ರೀಸನ್ನ (ಆ ಬಣ್ಣ ಅದರಲ್ಲಿರೋ ಮಾಲಿಬ್ಡಿನಮ್ ಡೈಸಲ್ಫೈಡ್‌ದು) ಗುಂಡುಗಳ ಸಂದಿಗೆಲ್ಲ ಒತ್ತಿ ತುಂಬಿ, ಜಾಯಿಂಟು ಶಾಫ್ಟಿಗೆ ಏರಿಸಿ ಹೊಡೆದೆ. ಟಪ್ ಅಂತ ಸರ್ಕ್ಲಿಪ್ ಕೂತಿತು. ಖುಷಿಯಾಗಿ ತಿರುಗಿದ್ರೆ ಹೊಸ ಬೂಟು ಪೇಪರ್ ಮೇಲೇ ನಗ್ತಾ ಕೂತಿದೆ.

"ಲೋ, ಮೊದ್ಲು ಬೂಟು, ಆಮೇಲೆ ಜಾಯಿಂಟು ಕಣೋ. ಅಂಗಿ ಹಾಕ್ದೆ ಗುಂಡಿ ಹಾಕ್ತೀಯಾ?" ಅಂದ್ರು ಚಿಕ್ಕಪ್ಪ. ಮತ್ತೆ ಬಿಚ್ಚಿ, ಮತ್ತೆ ಹೊಡೆದಿದ್ದಾಯ್ತು. ಬೂಟು ಕೂರಿಸಿ, ಒಳಗೆ ಸಿಕ್ಕಿದ ಗಾಳಿ ಬಿಟ್ಟು, ಎರಡೂ ಕ್ಲಿಪ್ ಬಿಗಿ ಮಾಡಿದ್ವಿ. ಕೊನೆಗೆ ಹಬ್ಬಿಗೆ ಹೊಸ ನಟ್. ಎಷ್ಟು ಬಿಗೀಬೇಕು ಅಂತ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಟಾರ್ಕ್ ಪಾನದಲ್ಲೇ ಬಿಗಿ ಮಾಡಿ. ಅಂದಾಜಲ್ಲಿ ಬಿಗಿದ್ರೆ ಬೇರಿಂಗ್ ಹೋಗುತ್ತೆ. ಹರಿದ ಜಾಗಕ್ಕೆ ಹೊರಗಿಂದ್ಲೇ ಸುತ್ತಿ ಅಂಟಿಸೋ ಬೂಟೂ ಬರುತ್ತೆ, ಶಾಫ್ಟ್ ಬಿಚ್ಚೋದೇ ಬೇಡ. ಒಳಗೆ ಮರಳು ಹೋಗಿದೆಯಾ ಅಂತ ನೋಡದೇ ಮುಚ್ಚೋದು ನನಗಂತೂ ಒಪ್ಪಿಗೆ ಇಲ್ಲ.

ಫೋಟೋ 8

ಬಲಗಡೆಯದ್ದು. ದಸರಾದಲ್ಲಿ ನಾನು ಒರೆಸಿ ಬಿಟ್ಟುಹೋಗಿದ್ದು.

ಬೂಟಿನ ಎರಡು ಮಡಿಕೆ ಪೂರ್ತಿ ಬಾಯಿ ಬಿಟ್ಟಿತ್ತು. ಒಳಗೆ ಗ್ರೀಸ್ ಜಾಗದಲ್ಲಿ ಕೆಂಪು ಮಣ್ಣಿನ ಕಣಕ. ತೊಳೆದ ಮೇಲೆ ಉಗುರು ಎಳೆದೆ, ಮೂರು ಗಾಡಿಗಳಲ್ಲಿ ತಡೀತು. ಝೂಮ್ ಮಾಡಿ, ಸಿಡುಬಿನ ಕಲೆ ಥರ ಕಾಣುತ್ತೆ. ಟಕ್ ಟಕ್ ಅಂತಿದ್ದಿದ್ದು ಈ ಗುಳಿಗಳ ಮೇಲೆ ಭಾರ ಹೊತ್ತು ಹಾದು ಹೋಗ್ತಿದ್ದ ಗುಂಡುಗಳು. ಬೂಟ್ ಕಿಟ್ಟಿಗೆ 400 ರೂಪಾಯಿ ಚಿಲ್ಲರೆ ಆಗಿತ್ತು. ಹೊಸ ಜಾಯಿಂಟಿಗೆ ಅದರ ಆರು ಪಟ್ಟು ಕೊಟ್ಟು, ಸೋಮವಾರ ಮಧ್ಯಾಹ್ನ ಹಾಕಿ ಮುಗಿಸಿದ್ವಿ. ಅಪ್ಪ ಕಾರು ತೆಗೆದು, ಗೇಟಿನ ಹತ್ರ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ ಕಿವಿಗೊಟ್ರು. ಏನೂ ಹೇಳಲಿಲ್ಲ. ಕಾರು ಮಾರೋ ಮಾತು ಮತ್ತೆ ಬಂದಿಲ್ಲ.

ದಸರಾದಲ್ಲಿ ನೋಡಿದ್ದೆ ಅಂತ ಅವರಿಗೆ ಇನ್ನೂ ಹೇಳಿಲ್ಲ. ಈ ಪೋಸ್ಟ್ ನೋಡಿದ್ರೆ ಗೊತ್ತಾಗುತ್ತೆ.

ಇವತ್ತು ಸಂಜೆ ನಿಮ್ಮ ಮನೆ ಕಾರಿನ ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಮುಂದಿನ ಚಕ್ರದ ಹಿಂದಕ್ಕೆ ಮೊಬೈಲ್ ಟಾರ್ಚ್ ಬಿಡಿ. ಮಡಿಕೆಗಳ ನಡುವೆ ಬಿರುಕು ಇದ್ರೆ ಫೋಟೋ ತೆಗೆದು ನನಗೆ ಕಳಿಸಿ. ಚಿಕ್ಕಪ್ಪ ಸಂಕ್ರಾಂತಿ ಮುಗಿದ್ರೂ ಇನ್ನೂ ಇಲ್ಲೇ ಇದ್ದಾರೆ.

#ಕಾರಿನಕಥೆ #ಕನ್ನಡದಲ್ಲಿಚರಿತ್ರೆ #ರಾಜಪ್ಪಜಾಯಿಂಟ್