ವಿಜ್ಞಾನಿಗಳ ಕಣಜಕ್ಕೆ ಬೀಳುವ ನುಸಿ

ಕಾಳಿಗೆ ನುಸಿ ಬಿದ್ದರೆ ಆಗುವ ಸಂಕಟ ನಮಗೆಲ್ಲ ಗೊತ್ತು. ಕೀಟ ವಿಜ್ಞಾನಿಗಳಿಗೂ ಒಂದು ಕಣಜವಿದೆ. ಸೂಜಿ ಚುಚ್ಚಿ, ಒಣಗಿಸಿ, ಚೀಟಿ ಹಚ್ಚಿ ಪೆಟ್ಟಿಗೆಯಲ್ಲಿಟ್ಟ ಚಿಟ್ಟೆ, ದುಂಬಿ, ಜೇನುಗಳ ಕಣಜ. ಅದಕ್ಕೂ ಒಂದು ಹುಳು ಬೀಳುತ್ತದೆ.

ಅದಕ್ಕೆ 1761ರಲ್ಲಿ ಹೆಸರಿಟ್ಟವನು ಸ್ವೀಡನ್ ದೇಶದ ಕಾರ್ಲ್ ಲಿನ್ನೇಯಸ್. ಗಿಡ, ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರಿಡುವ ಪದ್ಧತಿ ತಂದವನೂ ಅವನೇ. ಈ ಹುಳುವಿಗೆ ಅವನು ಕೊಟ್ಟ ಹೆಸರು 'ಮ್ಯೂಸಿಯೋರಮ್'. ಅಂದರೆ ವಸ್ತುಸಂಗ್ರಹಾಲಯಗಳದ್ದು. ಅದರ ಊರು ಯಾವುದೆಂದು ಹೆಸರೇ ಹೇಳುತ್ತದೆ. ಈಗ ಅದನ್ನು ಆಂಥ್ರೆನಸ್ ಮ್ಯೂಸಿಯೋರಮ್ ಎನ್ನುತ್ತಾರೆ.

ಬೆಳೆದ ದುಂಬಿ ಎಳ್ಳು ಕಾಳಿನಷ್ಟಿದ್ದು, ಹೂವಿನ ಪರಾಗ ತಿಂದುಕೊಂಡಿರುತ್ತದೆ. ಹಾಳು ಮಾಡುವುದು ಅದರ ಮರಿ. ಮೈತುಂಬ ಕೂದಲಿರುವ ಈ ಮರಿಹುಳು ಉಣ್ಣೆ, ಗರಿ, ಸತ್ತ ಕೀಟ ಎಲ್ಲವನ್ನೂ ತಿನ್ನುತ್ತದೆ. ಪೆಟ್ಟಿಗೆಯ ಸಣ್ಣ ಸಂದಿ ಸಾಕು, ಒಳಗೆ ಸೇರುತ್ತದೆ. ಕೊನೆಗೆ ಉಳಿಯುವುದು ಸೂಜಿ, ಚೀಟಿ, ಕೆಳಗೊಂದಿಷ್ಟು ಪುಡಿ.

1766ರಲ್ಲಿ ಉಪ್ಸಾಲಾ ಪಟ್ಟಣಕ್ಕೆ ಬೆಂಕಿ ಬಿತ್ತು. ಲಿನ್ನೇಯಸ್ ಹೆದರಿ, 1769ರಲ್ಲಿ ಹಮ್ಮಾರ್ಬಿಯ ತನ್ನ ತೋಟದ ಗುಡ್ಡದ ಮೇಲೆ ಸಂಗ್ರಹಕ್ಕಾಗಿಯೇ ಕಲ್ಲಿನ ಮನೆ ಕಟ್ಟಿಸಿದ. ಕಲ್ಲಿನ ಗೋಡೆ ಬೆಂಕಿ ತಡೆದೀತು, ಎಳ್ಳಿನಷ್ಟು ದುಂಬಿಯನ್ನು ತಡೆಯುವುದು ಹೇಗೆ? ಅವನು ತೀರಿಕೊಂಡ ಮೇಲೆ, 1784ರಲ್ಲಿ ಆ ಸಂಗ್ರಹವನ್ನು ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ತರುಣ ಕೊಂಡ. ಇವತ್ತಿಗೂ ಅದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿದೆ.

ಸತ್ತ ಹುಳುವಿಗೆ ಇಷ್ಟೇಕೆ ಕಾವಲು? ಹೊಸ ಕೀಟಕ್ಕೆ ಹೆಸರಿಡುವಾಗ ಒಂದು ಮಾದರಿಯನ್ನು ಎತ್ತಿಡುತ್ತಾರೆ. ಅದು ಜಮೀನಿನ ಸರ್ವೆ ಕಲ್ಲಿದ್ದಂತೆ. ಮುಂದೆ ತಕರಾರು ಬಂದರೆ ಅದನ್ನೇ ನೋಡಬೇಕು. ಕಲ್ಲೇ ಮಾಯವಾದರೆ?

ಹಿಂದೆ ಪೆಟ್ಟಿಗೆಗಳಲ್ಲಿ ನುಸಿಗುಳಿಗೆ ಇಡುತ್ತಿದ್ದರು. ಅದರ ಗಾಳಿ ಮನುಷ್ಯರಿಗೂ ಒಳ್ಳೆಯದಲ್ಲ ಎಂದು ಈಗ ಅನೇಕ ಕಡೆ ಬಿಟ್ಟಿದ್ದಾರೆ. ಬದಲಿಗೆ ಪೆಟ್ಟಿಗೆಯನ್ನೇ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಕೆಲವು ದಿನ ಇಡುತ್ತಾರೆ. ಹುಳುವೂ ಮೊಟ್ಟೆಯೂ ಸಾಯುತ್ತವೆ.

ಇದು ದೂರದೇಶದ ಕತೆ ಎಂದು ನಾವು ಸುಮ್ಮನಿರುವಂತಿಲ್ಲ. ಅಮೆರಿಕ ಮೂಲದ ಸೈನಿಕ ಹುಳು 2018ರಲ್ಲಿ ದೇಶದಲ್ಲೇ ಮೊದಲು ಕಂಡಿದ್ದು ನಮ್ಮ ಕರ್ನಾಟಕದ ಮೆಕ್ಕೆಜೋಳದಲ್ಲಿ. ಬಂದ ಹುಳು ಹೊಸದು ಎನ್ನಬೇಕಾದರೆ ಹಳೆಯವು ಯಾವುವೆಂದು ಗೊತ್ತಿರಬೇಕು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲೂ ಅಂಥ ಸಂಗ್ರಹವಿದೆ. ಅಲ್ಲಿ ಪೆಟ್ಟಿಗೆ ಕಾಯುವವರು ನಮ್ಮ ಹೊಲವನ್ನೂ ಕಾಯುತ್ತಿದ್ದಾರೆ.