ದಾದರಿನ ನೆರೆಯಲ್ಲೊಂದು ಹಳೆಯ ಪಾಠಕ್ರಮ

ಮುಂಬಯಿಯ ದಾದರಿನಿಂದ ದಕ್ಷಿಣಕ್ಕೆ ಸಾಗಿದರೆ ಎದುರಾಗುವ ಪರೇಲಿನ ಹಾಫ್ಕಿನ್ ಸಂಸ್ಥೆಯ ಸೌಧವು, ಪ್ಲೇಗಿನ ಲಸಿಕೆಯಿಂದ ಕೀರ್ತಿಗೊಳ್ಳುವ ಮುನ್ನ ಆಂಗ್ಲ ಗವರ್ನರರ ನಿವಾಸವಾಗಿತ್ತು. ಅದಕ್ಕೂ ಹಿಂದೆ, ಹದಿನೆಂಟನೆಯ ಶತಮಾನದ ಆದಿಯಲ್ಲಿ ಈಸ್ಟ್ ಇಂಡಿಯಾ ಕುಂಪಣಿಯವರು ಕಸಿದುಕೊಳ್ಳುವತನಕ, ಯೇಸುಸಭೆಯ ಪಾದ್ರಿಗಳ, ಅಂದರೆ ಜೆಸ್ವಿಟರ, ಸ್ವತ್ತಾಗಿತ್ತು. ದಾದರಿನ ಪೋರ್ಚುಗೀಸ್ ಚರ್ಚನ್ನು 1596ರಲ್ಲಿ ಕಟ್ಟಿಸಿದವರು ಫ್ರಾನ್ಸಿಸ್ಕನ್ನರಾದರೂ, ಮಾಹಿಮಿನ ಅಳಿವೆಯಾಚೆ ಬಾಂದ್ರಾದಲ್ಲಿ ಜೆಸ್ವಿಟರೇ ಪ್ರಬಲರಾಗಿದ್ದರು.

ಈ ಸಭೆಯವರು 1599ರಲ್ಲಿ ಹೊರಡಿಸಿದ ‘ರಾಷಿಯೋ ಸ್ಟುಡಿಯೋರಮ್’ ಎಂಬ ಶಿಕ್ಷಣಸಂಹಿತೆಯನ್ನು ಅವಲೋಕಿಸಿದರೆ, ಅಧ್ಯಾಪಕನ ವಾಗ್ಝರಿಗೆ ಅಲ್ಲಿ ದೊರೆತ ಸ್ಥಾನ ಎಷ್ಟು ಪರಿಮಿತವಾದುದೆಂಬುದು ವಿದಿತವಾಗುತ್ತದೆ. ಗುರುವು ಪಠ್ಯದ ಒಂದು ಖಂಡವನ್ನಷ್ಟೇ ವಿವರಿಸುವನು. ಶಿಷ್ಯರು ಅದನ್ನು ಪುನಃ ಒಪ್ಪಿಸುವರು. ಹತ್ತು ಹತ್ತು ಮಂದಿಯ ಪಂಗಡಕ್ಕೊಬ್ಬ ನಾಯಕನಿದ್ದು, ಯಾರ ಕಂಠಪಾಠ ಎಷ್ಟು ಸಲ ತಪ್ಪಿತು, ಯಾರು ಅಭ್ಯಾಸವನ್ನು ಬರೆದು ತರಲಿಲ್ಲವೆಂಬುದನ್ನು ಪುಸ್ತಕದಲ್ಲಿ ಗುರುತುಹಾಕಿ ಗುರುವಿಗೆ ಒಪ್ಪಿಸುವನು. ಶನಿವಾರ ಬಂದಿತೆಂದರೆ ವಾರದ ಪಾಠವೆಲ್ಲ ಮತ್ತೊಮ್ಮೆ ಆವರ್ತಿತವಾಗುವುದು. ಸಹಪಾಠಿಗಳನ್ನು ಎರಡು ಪಾಳೆಯವಾಗಿಸಿ ಕಾದಾಡಿಸುವ ಅವರ ಸ್ಪರ್ಧಾಪ್ರಿಯತೆ ನನಗಂತೂ ರುಚಿಸದು. ಆದರೆ ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಬೇರೆಬೇರೆಯಾಗಿ ಅರಿಯಬೇಕೆಂಬ ಅವರ ಹಟ ಆದರಣೀಯವೇ ಸರಿ.

1880ರಲ್ಲಿ ಇಟಲಿಯ ಜೆಸ್ವಿಟರು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದು ಆ ಪರಂಪರೆಯನ್ನು ಕನ್ನಡ ಕರಾವಳಿಗೆ ತಂದರು. ಅದೇ ಕರಾವಳಿಯಿಂದ ಬಂದು, ಹಗಲೆಲ್ಲ ಮುಂಬಯಿಯ ಹೋಟೆಲುಗಳಲ್ಲಿ ಮೇಜು ಒರೆಸಿ, ಇರುಳು ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತ ಹುಡುಗರ ವಿದ್ಯೆಯೂ, ತರಗತಿಗೂ ದುಡಿಮೆಗೂ ನಡುವೆ ಹಂಚಿಹೋದ ಒಂದು ಮಿಶ್ರಶಿಕ್ಷಣವೇ ಆಗಿತ್ತಲ್ಲವೆ?

2020ರ ಮಾರ್ಚಿನಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಶಾಲೆಗಳು ಮುಚ್ಚಿ, ಚಾಳಿನ ಒಂದೇ ಕೋಣೆಯಲ್ಲಿ ಅಣ್ಣತಂಗಿಯರು ಒಂದೇ ಮೊಬೈಲಿಗೆ ಸರದಿ ಕಾಯುವಂತಾದಾಗ, ನಾವು ಪರದೆಗೆ ಸಾಗಿಸಿದ್ದು ಬಹುಮಟ್ಟಿಗೆ ಉಪನ್ಯಾಸವನ್ನು ಮಾತ್ರ. ಒಪ್ಪಿಸುವಿಕೆಯನ್ನೂ ಪಂಗಡವನ್ನೂ ಶನಿವಾರದ ಆವರ್ತನವನ್ನೂ ಬೀಗ ಹಾಕಿದ ಶಾಲೆಯೊಳಗೇ ಬಿಟ್ಟುಬಂದೆವು. ಜೆಸ್ವಿಟರೇ ತಮ್ಮ ಕ್ರಮವನ್ನು 1993ರಲ್ಲಿ ಹೊಸದಾಗಿ ನಿರೂಪಿಸಿದಾಗ, ಸಂದರ್ಭ, ಅನುಭವ, ಮನನ, ಕ್ರಿಯೆ, ಮೌಲ್ಯಮಾಪನಗಳೆಂಬ ಐದು ಅಂಗಗಳಲ್ಲಿ ವಿದ್ಯಾರ್ಥಿಯ ಸಂದರ್ಭಕ್ಕೇ ಮೊದಲ ಸ್ಥಾನವನ್ನಿತ್ತರು. ಆ ಒಂದೇ ಮೊಬೈಲಿನ ಕೋಣೆಯೂ ಅಂಥದೊಂದು ಸಂದರ್ಭವೇ. ಆದುದರಿಂದ ಆನ್‌ಲೈನ್ ಪಾಠವನ್ನು ರೂಪಿಸುವ ಅಧ್ಯಾಪಕರು ಹೊಸ ಕ್ಯಾಮರಾಕ್ಕೆ ಹಣ ತೆರುವ ಮುನ್ನ, ತರಗತಿಯನ್ನು ಹತ್ತರ ಪಂಗಡಗಳಾಗಿ ವಿಂಗಡಿಸಿ, ಶನಿವಾರದ ಒಂದು ಗಂಟೆಯನ್ನು ಮಕ್ಕಳ ಮಾತಿಗಾಗಿ ಕಾದಿರಿಸಲಿ.